ಹದಿನಾರು ಎಣಿಸುವಷ್ಟು ಹೊತ್ತು

ಹದಿನಾರು ಇರಲಿಕ್ಕಿಲ್ಲ. ಹನ್ನೆರಡೋ ಹದಿಮೂರೋ ಇದ್ದೀತು. ಕಿವಿ ಹರಿದುಹೋಗುವ ಗದ್ದಲದಲ್ಲಿ, ಯಾರದೋ ಮೊಣಕೈ ಪಕ್ಕೆಗೆ ಒತ್ತಿಕೊಂಡಿರುವಾಗ, ಮನುಷ್ಯ ಅಂಕಿ ತಪ್ಪದೆ ಎಣಿಸುವುದುಂಟೆ? ಬಹುಶಃ ಆಗ ಎಣಿಸಿಯೇ ಇರಲಿಲ್ಲ. ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಮನಸ್ಸು ತಾನಾಗಿ ಒಂದು ಲೆಕ್ಕ ಕಟ್ಟಿಕೊಂಡಿತು, ಕಟ್ಟಿದ್ದನ್ನೇ ನಡೆದದ್ದೆಂದು ನಂಬಿತು. ಹಾಗಿದ್ದರೆ ಸರಿ. ಆದರೆ ಎಣಿಸದೇ ಇದ್ದರೆ ಹದಿನಾರೇ ಯಾಕೆ ನೆನಪಿಗೆ ಬರಬೇಕು? ಹತ್ತು ಬರಬಹುದಿತ್ತು. ಇಪ್ಪತ್ತು ಬರಬಹುದಿತ್ತು.

“ಏನೋ ಇದು, ಹಾಳೆ ತಲೆಕೆಳಗು ಅಂಟಿಸ್ತಿದ್ದೀಯಲ್ಲೋ!” ಎಂದರು ಬೈಂಡರಮ್ಮ.

ಅವನು ಕುಂಚ ಕೆಳಗಿಟ್ಟ. ಅಂಟು ಇನ್ನೂ ಹಸಿಯಿತ್ತು. ಹಾಳೆಯನ್ನು ಮೆಲ್ಲಗೆ ಎಬ್ಬಿಸಿ ತಿರುಗಿಸಿದ. ಹನ್ನೊಂದು ಗಂಟೆಗೆ ಬರುತ್ತೇನೆಂದು ಇನ್‌ಸ್ಪೆಕ್ಟರು ಹೇಳಿಕಳಿಸಿದ್ದರು. ಗೋಡೆಯ ಗಡಿಯಾರದಲ್ಲಿ ಇನ್ನೂ ಹತ್ತೂ ಮುಕ್ಕಾಲು.

“ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನೀನು ಮಾಡಿದ್ದು ಒಳ್ಳೇ ಕೆಲಸ. ಕಳ್ಳನ ಮುಖ ಇಟ್ಕೊಂಡು ಕೂರಬೇಡ.”

ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆ ಅದು. ಒಂದು ಉದ್ದನೆಯ ಮೇಜು, ಕೈಯಲ್ಲಿ ತಿರುಗಿಸುವ ಪ್ರೆಸ್ಸು, ಅಂಟಿನ ಬಕೆಟ್ಟು, ದಾರದ ಉಂಡೆ, ಬೈಂಡರಮ್ಮ ಮತ್ತು ಅವನು. ಮೇಲೆ ಜನ ಓದಿ ಹರಿದದ್ದನ್ನು ಇವರು ಕೆಳಗೆ ಹೊಲಿಯುತ್ತಿದ್ದರು. ಯಾವ ಪುಸ್ತಕ ಬಂದರೂ ಮೊದಲ ಕೆಲಸ ಪುಟ ಎಣಿಸುವುದು. ಒಟ್ಟಿಗೆ ಮಡಿಸಿ ಹೊಲಿದ ಒಂದು ಫಾರಮ್ಮಿಗೆ ಹದಿನಾರು ಪುಟ. ಹಳೆಯ ಹೊಲಿಗೆ ಬಿಚ್ಚಿ, ಹೆಬ್ಬೆರಳಿನಿಂದ ಪುಟ ಸರಿಸುತ್ತ ಒಂದರಿಂದ ಹದಿನಾರರವರೆಗೆ ಹೋಗಬೇಕು. ಎಲ್ಲ ಇದ್ದರೆ ಬದಿಗಿಟ್ಟು ಮತ್ತೆ ಒಂದರಿಂದ. ನಾಲ್ಕು ವರ್ಷದಲ್ಲಿ ಅದು ಮೈಗೆ ಹತ್ತಿಬಿಟ್ಟಿತ್ತು. ಮೆಟ್ಟಿಲು ಹತ್ತುವಾಗ ಎಣಿಸುತ್ತಿದ್ದ, ಹಲ್ಲುಜ್ಜುವಾಗ ಎಣಿಸುತ್ತಿದ್ದ. ಹದಿನಾರಾದ ಕೂಡಲೇ ಕೈ ತಾನಾಗಿ ಮುಂದಿನ ಕೆಲಸಕ್ಕೆ ಹೋಗುತ್ತಿತ್ತು. “ಎಂ.ಎ. ಮುಗಿಸಿ ಒಂದರಿಂದ ಹದಿನಾರು ಕಲಿಯೋಕೆ ಬಂದ ಮಹರಾಯ” ಎಂದು ಬೈಂಡರಮ್ಮ ಬಂದವರಿಗೆಲ್ಲ ಅವನ ಪರಿಚಯ ಹೇಳುತ್ತಿದ್ದರು.

ಹೆಚ್ಚು ಜಜ್ಜಿಹೋಗಿ ಬರುತ್ತಿದ್ದದ್ದು ಪತ್ತೇದಾರಿ ಕಾದಂಬರಿಗಳು. ಯಾರೋ ಒಬ್ಬ ಪುಣ್ಯಾತ್ಮ ಇಪ್ಪತ್ತನೇ ಪುಟದಲ್ಲೇ ಒಂದು ಹೆಸರಿಗೆ ಗೆರೆ ಎಳೆದು ‘ಇವನೇ’ ಎಂದು ಬರೆದಿರುತ್ತಿದ್ದ. ಇನ್ನೊಬ್ಬ ಕೊನೆಯ ಹಾಳೆಯನ್ನೇ ಹರಿದುಕೊಂಡಿರುತ್ತಿದ್ದ. ಇಲ್ಲದ ಹಾಳೆಯನ್ನು ಬೇರೆ ಪ್ರತಿಯಿಂದ ಟೈಪು ಮಾಡಿ ಅಂಟಿಸುವುದು ಅವನ ಪಾಲಿನ ಕೆಲಸ. ಹಾಗೆ ಅವನು ಇನ್ನೂರು ಮುನ್ನೂರು ಕೊಲೆಗಳನ್ನು ಓದಿದ್ದ. ಕತ್ತು ಸೀಳಿದವು, ಬಾವಿಗೆ ದೂಡಿದವು, ದಿಂಬು ಒತ್ತಿದವು. ಅವುಗಳಿಂದ ಅವನಿಗೆ ಗೊತ್ತಾದದ್ದು ಒಂದೇ. ಸಿಕ್ಕಿಬೀಳುವವನು ಹೆಚ್ಚು ಮಾತಾಡಿದವನು. ಸುಮ್ಮನಿದ್ದವನನ್ನು ಹಿಡಿಯಲು ಲೇಖಕನಿಗೂ ಕಷ್ಟ.

ಸುಮ್ಮನಿರುವುದು ಅವನಿಗೆ ಹೊಸದಲ್ಲ. ಅಮ್ಮ ಹೋದಾಗ ಅವನಿಗೆ ಹನ್ನೊಂದು. ಅಕ್ಕ ಅವನನ್ನು ತನ್ನ ಗಂಡನ ಮನೆಗೇ ಕರೆದುಕೊಂಡು ಬಂದಿದ್ದಳು. ಹಿಂದಿನ ಚಿಕ್ಕ ಕೋಣೆ ಅವನದು. ಅದಕ್ಕೂ ಅಕ್ಕನ ಕೋಣೆಗೂ ನಡುವೆ ಹಲಗೆಯ ಗೋಡೆ.

ಭಾವ ಟೈಲ್ಸ್ ಅಂಗಡಿಯಲ್ಲಿ ಮಾರಾಟದವನು. ಗಿರಾಕಿಯ ಮುಂದೆ ಟೈಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗಣ್ಣಿನಿಂದ ಮೊಟಕಿ, “ಕೇಳಿ ಸಾರ್, ಗಂಟೆ ಇದ್ದ ಹಾಗಿದೆ. ಒಳಗೆ ಬಿರುಕಿದ್ರೆ ದನಿ ಸತ್ತಿರುತ್ತೆ” ಎನ್ನುತ್ತಿದ್ದ. ಒಡೆದ ಟೈಲನ್ನು ಕಣ್ಣು ಮುಚ್ಚಿ ಹೇಳಬಲ್ಲ ಎಂದು ಅಂಗಡಿಯಲ್ಲಿ ಹೆಸರಿತ್ತು. ಮನೆಗೆ ಬಂದರೆ ಅದೇ ಗಣ್ಣಿನಿಂದ ಅಕ್ಕನ ತಲೆ ಮೊಟಕುತ್ತಿದ್ದ. ಮೊದಮೊದಲು ತಮಾಷೆಗೆ. “ದನಿ ನೋಡು ಭಾಮೈದ, ಖಾಲಿ ಡಬ್ಬ!” ನೆಂಟರು ನಗುತ್ತಿದ್ದರು. ಆಮೇಲೆ ನೆಂಟರಿಲ್ಲದಾಗಲೂ. ಆಮೇಲೆ ಬರೀ ಗಣ್ಣಲ್ಲ, ಮುಷ್ಟಿ, ಬೆಲ್ಟು, ಬಾಗಿಲ ಸಂದು.

ಹಲಗೆಯ ಆಚೆಯಿಂದ ಎಲ್ಲವೂ ಕೇಳುತ್ತಿತ್ತು. ಹದಿನಾಲ್ಕನೇ ವಯಸ್ಸಿನಲ್ಲಿ ಅವನು ಹೆಡ್‌ಫೋನು ಹಾಕಿಕೊಳ್ಳಲು ಕಲಿತ. ಮೆಲ್ಲನೆಯ ಹಾಡುಗಳು ಪ್ರಯೋಜನಕ್ಕೆ ಬರಲಿಲ್ಲ. ಎರಡು ಸಾಲುಗಳ ನಡುವೆ ಅಕ್ಕನ ದನಿ ನುಸುಳಿಬಿಡುತ್ತಿತ್ತು. ಸಂದೇ ಇಲ್ಲದ ಸಂಗೀತ ಹುಡುಕುತ್ತ ಹುಡುಕುತ್ತ ಪಂಕ್ ಸಿಕ್ಕಿತು. ಮೂರೇ ಸ್ವರ, ಎರಡೇ ನಿಮಿಷ, ಗಂಟಲು ಹರಿಯುವ ಕೂಗು. ದನಿ ಪೂರ್ತಿ ಏರಿಸಿದರೆ ಹಲಗೆಯ ಗೋಡೆ ಇಲ್ಲವಾಗುತ್ತಿತ್ತು. ಅಕ್ಕನ ಎಡಗಿವಿಯ ತಮಟೆ ಒಡೆದ ರಾತ್ರಿ ತಾನು ಯಾವ ಹಾಡು ಕೇಳುತ್ತಿದ್ದೆನೆಂಬುದು ಅವನಿಗೆ ಇವತ್ತಿಗೂ ನೆನಪಿದೆ. ಬೆಳಿಗ್ಗೆ ಅಕ್ಕ ದಿಂಬಿನ ಚೀಲ ಒಗೆಯುತ್ತಿದ್ದಳು. ಅವನು ಕರೆದ, ತಿರುಗಲಿಲ್ಲ. ಬಲಗಡೆಗೆ ಹೋಗಿ ಕರೆದಾಗ ತಿರುಗಿದಳು.

“ಬಾತ್‌ರೂಮಲ್ಲಿ ಜಾರಿದೆ ಮರಿ” ಎಂದಳು.

ಅವನು ಸರಿ ಎಂದ.

ಕೆಲಸ ಸಿಕ್ಕಿದ ಮೇಲೆ ಶನಿವಾರದ ರಾತ್ರಿಗಳೆಲ್ಲ ಪಂಕ್ ಹಾಡುವ ಹುಡುಗರು ಸೇರುವ ಹಳೆಯ ಐಸ್ ಫ್ಯಾಕ್ಟರಿಯಲ್ಲಿ ಕಳೆದವು. ಫ್ಯಾಕ್ಟರಿ ಮುಚ್ಚಿ ವರ್ಷಗಳಾಗಿದ್ದವು. ಗೋಡೆ ಒಂದು ಮೊಳ ದಪ್ಪ, ಒಳಗೆ ಎಷ್ಟು ಅರಚಿದರೂ ಬೀದಿಗೆ ಕೇಳಿಸದು. ಸಿಮೆಂಟಿನ ನೆಲದ ನಡುವೆ ಐಸ್ ಕರಗಿದ ನೀರು ಹರಿಯಲೆಂದು ಮಾಡಿದ್ದ ಗೇಣಗಲದ ಕಾಲುವೆ, ಮೇಲೆ ಕಬ್ಬಿಣದ ಜಾಲರಿ. ಹಾಡುವವನ ಕತ್ತು ಉದ್ದವಾಗಿದ್ದರಿಂದ ಅವನ ಹೆಸರು ಕೊಕ್ಕರೆ. ಡ್ರಮ್ಮು ಬಾರಿಸುವವನು ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ. ಹಳೆಯ ಮರದ ಪೆಟ್ಟಿಗೆಗಳ ಮೇಲೆ ಎತ್ತರದಲ್ಲಿ ಕೂತು ಎಲ್ಲರನ್ನೂ ನೋಡುವುದರಿಂದ ಅವನು ಗೂಬೆ. ಪುಸ್ತಕ ಕಟ್ಟುವ ಇವನು ರಟ್ಟು.

ಹಾಡು ಶುರುವಾದರೆ ನಡುವಿನ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಸುತ್ತುತ್ತಿದ್ದರು. ಅದಕ್ಕೆ ಅಲ್ಲಿಯವರು ಸುಳಿ ಎನ್ನುತ್ತಿದ್ದರು. ಭುಜ ಎದೆಗೆ ಬಡಿಯುತ್ತಿತ್ತು, ಬೂಟು ಕಣಕಾಲಿಗೆ ಬೀಳುತ್ತಿತ್ತು, ತುಟಿ ಒಡೆಯುತ್ತಿತ್ತು. ಒಂದು ಸಲ ಒಬ್ಬನ ಮುಂದಿನ ಹಲ್ಲು ಇವನ ಅಂಗಿಯಲ್ಲಿ ಸಿಕ್ಕಿಕೊಂಡು ಬಂದಿತ್ತು. ಮರುವಾರ ಅವನೇ ಬಂದು, “ಅಣ್ಣಾ, ನನ್ನ ಹಲ್ಲು ಇಟ್ಟಿದ್ದೀಯಾ, ಎಸೆದ್ಯಾ?” ಎಂದು ನಕ್ಕಿದ್ದ. ಅಲ್ಲಿ ಬಿದ್ದ ಏಟಿನಲ್ಲಿ ದ್ವೇಷವಿರಲಿಲ್ಲ. ಹೊಡೆದವನು ಹೊಡೆಸಿಕೊಂಡವನನ್ನು ಅಪ್ಪಿಕೊಳ್ಳುತ್ತಿದ್ದ. ಇದೇ ಏಟು ಮನೆಯಲ್ಲಿ ಬೇರೆಯಾಗುವುದು ಹೇಗೆಂದು ಯೋಚಿಸುತ್ತ ಅವನು ಎಷ್ಟೋ ಸಲ ಗೋಡೆಗೊರಗಿ ನಿಂತುಬಿಡುತ್ತಿದ್ದ.

ಸುಳಿಗೆ ಒಂದೇ ಕಟ್ಟಳೆ. ಯಾರಾದರೂ ಬಿದ್ದರೆ, ಮೊದಲು ಕಂಡವನು ಎರಡೂ ಕೈಯನ್ನು ತಲೆಯ ಮೇಲೆ ಅಡ್ಡಡ್ಡ ಇಟ್ಟು ಕತ್ತರಿ ಹಾಕಬೇಕು. ಪಕ್ಕದವರೂ ಹಾಕುತ್ತಾರೆ. ಎತ್ತರದಲ್ಲಿ ಕೂತ ಗೂಬೆಗೆ ಒಂದು ಕತ್ತರಿ ಕಂಡರೆ ಸಾಕು, ಎತ್ತಿದ ಕೋಲು ಕೆಳಗಿಳಿಯುವುದಿಲ್ಲ. ಸಂಗೀತ ನಿಲ್ಲುತ್ತದೆ, ಬಿದ್ದವನನ್ನು ಎತ್ತುತ್ತಾರೆ, ಮತ್ತೆ ಶುರು. ಒಂಟಿ ಕೈ ಎತ್ತಿದರೆ ಮಾತ್ರ ಬೇರೆ ಅರ್ಥ. ಅದು ಹಾಡುವ ಖುಷಿಯ ಕೈ. ಅಂಥವನನ್ನು ಕಂಡರೆ ಕೊಕ್ಕರೆ ಮೈಕನ್ನು ಅವನ ಬಾಯಿಗೇ ಹಿಡಿಯುತ್ತಿದ್ದ. ಅವನು ಏನು ಕೂಗಿದರೂ ಇಡೀ ಗುಂಪು ಅದನ್ನೇ ತಿರುಗಿ ಕೂಗುತ್ತಿತ್ತು.

ಒಂದು ಗುರುವಾರ ಅಕ್ಕ ಮನೆ ಬಿಟ್ಟಳು. ಯಾರೂ ಹೇಳಿಕೊಟ್ಟದ್ದಲ್ಲ. ತರಕಾರಿ ಚೀಲದಲ್ಲಿ ಎರಡು ಜೊತೆ ಬಟ್ಟೆ ಹಾಕಿಕೊಂಡು ನೇರ ನೆಲಮಾಳಿಗೆಗೆ ಬಂದು ನಿಂತಳು. ಬೈಂಡರಮ್ಮ ಒಂದು ಮಾತೂ ಕೇಳದೆ ಅವಳನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ದೂರದ ಊರೊಂದರ ಹಾಸ್ಟೆಲಿನಲ್ಲಿ ಅವರ ಪರಿಚಯದವರು ಕೆಲಸ ಕೊಡುತ್ತೇನೆಂದರು, ಇರಲು ಕೋಣೆಯೂ ಇತ್ತು. ಭಾನುವಾರ ಬೆಳಿಗ್ಗೆ ಆರರ ರೈಲು. ಟಿಕೆಟ್ಟು ತರುವುದು ಅವನ ಪಾಲಿಗೆ ಬಂತು.

“ನೀನು ಎಂದಿನ ಹಾಗೇ ಇರು” ಎಂದಿದ್ದರು ಬೈಂಡರಮ್ಮ. “ಮನೆಗೆ ಹೋಗು, ಉಣ್ಣು, ಶನಿವಾರ ನಿನ್ನ ಆ ಅರಚಾಟಕ್ಕೂ ಹೋಗು. ಏನಾದ್ರೂ ಬದಲಾಯಿಸಿದ್ರೆ ಅವನಿಗೆ ವಾಸನೆ ಬಡಿಯುತ್ತೆ.”

ಶುಕ್ರವಾರ ಟಿಕೆಟ್ಟು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಲು ಧೈರ್ಯವಾಗಲಿಲ್ಲ. ಕೆಲಸದ ಮೇಜಿನ ಮೇಲೆ ಒಂದು ಕಾದಂಬರಿ ಹೊಸ ರಟ್ಟು ಹಾಕಿಸಿಕೊಂಡು ಕೂತಿತ್ತು. ಹಿಂದಿನ ರಟ್ಟಿಗೂ ಒಳಹಾಳೆಗೂ ನಡುವೆ ಟಿಕೆಟ್ಟು ಇಟ್ಟು, ಸುತ್ತ ಅಂಟು ಸವರಿ, ಪ್ರೆಸ್ಸಿನಲ್ಲಿ ಒತ್ತಿ, ಓದಲೆಂದು ಮನೆಗೆ ಒಯ್ದ. ಯಾವ ಬೈಂಡರನಿಗಾದರೂ ಬರುವ ಬುದ್ಧಿಯೇ ಅದು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಬೆರಳಿಗೂ ತಿಳಿಯುತ್ತಿರಲಿಲ್ಲ. ಟಿಕೆಟ್ಟಿಗೆ ಅಂಟು ತಾಗಬಾರದೆಂದು ನಡುವೆ ಸವರದೆಯೇ ಬಿಟ್ಟಿದ್ದ. ಆ ಜಾಗ ಟೊಳ್ಳಾಗಿರುತ್ತದೆಂದಾಗಲಿ, ಟೊಳ್ಳಿನ ದನಿ ಕೇಳಿ ಬದುಕುವ ಮನುಷ್ಯ ಅದೇ ಮನೆಯಲ್ಲಿದ್ದಾನೆಂದಾಗಲಿ ಅವನ ತಲೆಗೆ ಹೊಳೆಯಲಿಲ್ಲ.

ಶನಿವಾರ ಅವನು ಐಸ್ ಫ್ಯಾಕ್ಟರಿಗೆ ಹೊರಟ ಮೇಲೆ ಭಾವ ಅವನ ಕೋಣೆ ಜಾಲಾಡಿರಬೇಕು. ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಕೊಡವಿರಬೇಕು. ಬೇಸತ್ತು, ಅಭ್ಯಾಸಬಲದಿಂದ, ರಟ್ಟನ್ನು ಗಣ್ಣಿನಿಂದ ಮೊಟಕಿರಬೇಕು.

ನಾಲ್ಕನೇ ಹಾಡು ಶುರುವಾಗುತ್ತಿದ್ದಾಗ ಬಾಗಿಲಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಕಂಡಿತು. ಅಂಗಡಿಯ ಬೂಟು, ತೊಗಲಿನ ನುಣ್ಣನೆಯ ಅಟ್ಟೆ. ಜನ ದಾರಿ ಬಿಟ್ಟರು. ಹೊಸಬರನ್ನು ಅಲ್ಲಿ ಯಾರೂ ತಡೆಯುವುದಿಲ್ಲ. “ಬನ್ನಿ ಸಾರ್, ಆಫೀಸಿನಿಂದ ನೇರ ಬಂದ್ರಾ!” ಎಂದು ಯಾರೋ ಬೆನ್ನು ತಟ್ಟಿದರು. ಭಾವ ಸುಳಿಯ ಅಂಚಿಗೆ ಬಂದು ಇವನ ಕಾಲರು ಹಿಡಿದ.

“ಎಲ್ಲಿದಾಳೆ?”

“ಗೊತ್ತಿಲ್ಲ ಭಾವ.”

ಭಾವ ಟಿಕೆಟ್ಟನ್ನು ಇವನ ಮೂಗಿನ ಮುಂದೆ ಆಡಿಸಿದ. ಒಂದು ಮೂಲೆಯಲ್ಲಿ ಒಣಗಿದ ಅಂಟು ಹೊಳೆಯುತ್ತಿತ್ತು.

“ಆರು ಗಂಟೆಗೆ ಅಲ್ವಾ? ನಾನೂ ಬರ್ತೀನಿ ಕಳಿಸಿಕೊಡೋಕೆ. ಮನೆಗೆ ಕರ್ಕೊಂಡು ಹೋಗಿ ಈ ಸಲ ಬಲಗಿವಿ ನೋಡ್ಕೋತೀನಿ. ಆಮೇಲೆ ಎಲ್ಲಿಗೆ ಓಡಿದ್ರೂ ಯಾರು ಕರೆದಿದ್ದೂ ಕೇಳಿಸಲ್ಲ. ಈಗ ಹೇಳು ಭಾಮೈದ, ರಾತ್ರಿ ಎಲ್ಲಿದಾಳೆ? ಬೆಳಗಿನವರೆಗೆ ಯಾಕೆ ಕಾಯ್ಲಿ?”

ಗಣ್ಣು ಇವನ ನೆತ್ತಿಯ ಮೇಲೆ ಬಿತ್ತು. ಒಂದು ಸಲ, ಇನ್ನೊಂದು ಸಲ. ಅಷ್ಟರಲ್ಲಿ ಗೂಬೆಯ ಕೋಲು ಡ್ರಮ್ಮಿಗೆ ಬಡಿಯಿತು, ಸುಳಿ ಎದ್ದಿತು. ಯಾರೋ ಇಬ್ಬರನ್ನೂ ಒಟ್ಟಿಗೆ ಗುದ್ದಿದರು. ಕಾಲರಿನ ಗುಂಡಿ ಕಿತ್ತು ಇವನು ಹಿಂದಕ್ಕೆ ಸರಿದ, ಭಾವ ಒಳಗೆ ಹೋದ.

ಭಾವನಿಗೆ ಏಟು ಕೊಟ್ಟು ಅಭ್ಯಾಸವಿತ್ತು, ತಿಂದು ಇರಲಿಲ್ಲ. ಎಡಗಡೆಯಿಂದ ಒಂದು ಭುಜ, ಬಲಗಡೆಯಿಂದ ಒಂದು. ತಿರುಗಿ ಒಬ್ಬನ ಮುಖಕ್ಕೆ ಗುದ್ದಿದ. ಆ ಮುಖ ರಕ್ತದ ಹಲ್ಲು ತೋರಿಸಿ ನಕ್ಕಿತು. ಭಾವ ಸಿಟ್ಟಿನಿಂದ ಟಿಕೆಟ್ಟಿದ್ದ ಕೈಯೆತ್ತಿ ಇವನತ್ತ ಬೊಟ್ಟು ಮಾಡಿ ಅರಚಿದ. ಒಂಟಿ ಕೈ. ಕೊಕ್ಕರೆ ಅದನ್ನು ನೋಡಿ ಸಂತೋಷದಿಂದ ಕತ್ತು ಚಾಚಿ ಮೈಕು ಹಿಡಿದ.

“ಎಲ್ಲಿದಾಳೆ ಅವಳು?”

ಇನ್ನೂರು ಗಂಟಲು ತಿರುಗಿ ಕೂಗಿದವು. “ಎಲ್ಲಿದಾಳೆ ಅವಳು!”

ಭಾವ ಬೆಚ್ಚಿ ಸುತ್ತ ನೋಡಿದ. ಅವಮಾನ ಮಾಡುತ್ತಿದ್ದಾರೆಂದುಕೊಂಡಿರಬೇಕು. ಕತ್ತಿನ ನರ ಉಬ್ಬಿತು.

“ಎಲ್ಲಿದಾಳೋ ಅವಳು?”

“ಎಲ್ಲಿದಾಳೋ ಅವಳು!”

ಗೋಡೆಯಿಂದ ಗೋಡೆಗೆ ಅಕ್ಕನನ್ನು ಹುಡುಕಿದ ಹಾಗಿತ್ತು. ಮೂರನೆಯ ಸಲ ಭಾವ ಬಾಯಿ ತೆರೆದಾಗ ಬೂಟಿನ ನುಣ್ಣನೆಯ ಅಟ್ಟೆ ಜಾಲರಿಯ ಮೇಲೆ ಜಾರಿತು. ಬಿಳಿ ಅಂಗಿ ತಲೆಗಳ ನಡುವಿನಿಂದ ಕೆಳಕ್ಕೆ ಹೋಯಿತು.

ಮೊದಲು ಕಂಡವನು ಇವನೇ. ಎರಡು ಮಾರು ದೂರದಲ್ಲಿ, ಕಾಲುಗಳ ಸಂದಿಯಿಂದ, ಸ್ಪಷ್ಟವಾಗಿ ಕಂಡ. ಕೈ ಮೇಲೇಳಲು ಹೊರಟಿತ್ತು. ಭುಜದವರೆಗೆ ಬಂದದ್ದೂ ನೆನಪಿದೆ. ಅಲ್ಲಿ ನಿಂತಿತು. ಒಂದು.

ಭಾವ ಮೊಣಕಾಲಿನ ಮೇಲೆ ಏಳಲು ನೋಡಿದ. ಯಾರದೋ ತೊಡೆ ಕೆನ್ನೆಗೆ ಬಡಿದು ಮತ್ತೆ ಮಲಗಿಸಿತು. ಒಂದು ಬೂಟು ಬೆರಳುಗಳ ಮೇಲೆ ನಿಂತು ತಿರುಗಿತು. ಐದು, ಆರು. ಸಂಗೀತದಲ್ಲಿ ಎಲುಬಿನ ಸದ್ದು ಕೇಳಿಸುವುದಿಲ್ಲ. ಓದಿದ ಯಾವ ಪುಸ್ತಕದಲ್ಲೂ ಇದನ್ನು ಬರೆದಿರಲಿಲ್ಲ. ಭಾವನ ತಲೆ ಕಾಲುವೆಯ ಕಬ್ಬಿಣದ ಅಂಚಿಗೆ ಒಮ್ಮೆ ಬಡಿಯಿತು. ಹಿಂದಿನಿಂದ ಎಡವಿದವನ ಮೊಣಕಾಲು ಅದನ್ನು ಇನ್ನೊಮ್ಮೆ ಬಡಿಯಿತು. ಒಂಬತ್ತು. ಆಗ ಭಾವನ ಕಣ್ಣು ಇವನನ್ನು ಹುಡುಕಿ ಹಿಡಿಯಿತು. ಅದರಲ್ಲಿ ಸಿಟ್ಟಿರಲಿಲ್ಲ. ‘ನೋಡ್ತಿದ್ದೀಯಲ್ಲ’ ಎನ್ನುವಂಥ ಒಂದು ಆಶ್ಚರ್ಯ ಮಾತ್ರ. ತುಳಿತಕ್ಕೆ ಸಿಗದ ಕೈ ನೆಲದ ಮೇಲೆ ಬೆರಳು ಮಡಿಸಿ ಮೊಟಕುತ್ತಿತ್ತು. ಬಾಗಿಲು ತೆಗೆಯಿರಿ ಎಂಬಂತೆ. ಹನ್ನೆರಡು. ಮೇಲೆ ಇನ್ನೂರು ಜನ ಅಕ್ಕನನ್ನು ಕೂಗಿ ಕೇಳುತ್ತಲೇ ಇದ್ದರು. ಕಿವಿಯಿಂದ ಕಪ್ಪಗೆ ಏನೋ ಇಳಿದು ಕಾಲುವೆ ಸೇರಿತು. ಆಮೇಲೆ ಮೊಟಕುವ ಕೈಯೂ ನಿಂತಿತು.

ಹದಿನಾರು. ಅವನ ಕೈ ತಾನಾಗಿ ಮೇಲಕ್ಕೆ ಹೋಗಿ ಕತ್ತರಿಯಾಯಿತು.

ಗೂಬೆಯ ಕೋಲು ಗಾಳಿಯಲ್ಲೇ ನಿಂತಿತು. ಎಲ್ಲ ಒಮ್ಮೆಗೇ ನಿಂತದ್ದರಿಂದ, ಹಿಂದೆಲ್ಲೋ ಇದ್ದ ಒಬ್ಬ ಹುಡುಗಿಯ ದನಿ ಮಾತ್ರ “ಎಲ್ಲಿದಾಳೋ ಅವಳು” ಎಂದು ಒಂಟಿಯಾಗಿ ಮುಗಿಯಿತು. ಜನ ಸುತ್ತ ಕೈ ಹಿಡಿದು ಗೋಡೆ ಕಟ್ಟಿದರು. ಭಾವನ ಬೆರಳುಗಳ ಮೇಲೆ ನಿಂತಿದ್ದವನೇ ಅಂಗಿ ಬಿಚ್ಚಿ ತಲೆಯ ಕೆಳಗಿಟ್ಟ. ಅಳುತ್ತಿದ್ದ.

ಆಸ್ಪತ್ರೆಯಲ್ಲಿ ನಾಲ್ಕೂವರೆಗೆ ಡಾಕ್ಟರು ಹೊರಬಂದು, ತಲೆಬುರುಡೆ ತೆರೆಯಬೇಕು, ಹೆಂಡತಿಯ ಸಹಿ ಬೇಕು ಎಂದರು. ಹೆಂಡತಿ ಊರಲ್ಲಿಲ್ಲ ಎನ್ನಬಹುದಿತ್ತು. ಸಂಬಂಧಿಕನೆಂದು ತಾನೇ ಸಹಿ ಮಾಡಬಹುದಿತ್ತು. ಇನ್ನೊಂದೂವರೆ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ರೈಲು ಹೊರಟುಹೋಗುತ್ತಿತ್ತು. ಇಡೀ ಬಾಳು ಸುಮ್ಮನಿದ್ದವನು ಅವತ್ತೊಂದು ದಿನ ಫೋನು ಮಾಡಿದ.

ಅಕ್ಕ ತರಕಾರಿ ಚೀಲ ಹಿಡಿದುಕೊಂಡೇ ಬಂದಳು. ಸಹಿ ಮಾಡಿದಳು. ಚೀಲವನ್ನು ಬೆಂಚಿನ ಕೆಳಗಿಟ್ಟು ಅವನ ಕೈಗಳನ್ನು ಹಿಡಿದುಕೊಂಡಳು. “ನೀನು ಕೈ ಎತ್ತಿದ್ದಕ್ಕೆ ನಿಂತಿತಂತೆ. ಆ ಕನ್ನಡಕದಂಗಡಿ ಹುಡುಗ ಹೇಳ್ದ. ನಿಮ್ಮ ಭಾವ ಏನೆಲ್ಲ ಮಾಡಿದ್ರೂ, ಜೀವ ಉಳಿಸಿದೆಯಲ್ಲೋ ಮರಿ.” ಆರು ಗಂಟೆಯ ರೈಲಿನ ಸಿಳ್ಳು ಆಸ್ಪತ್ರೆಗೂ ಕೇಳಿಸಿತು. ಅಕ್ಕ ಎಡಮಗ್ಗುಲನ್ನು ಕಿಟಕಿಗೆ ಮಾಡಿ ಕೂತಿದ್ದಳು.

ಇನ್‌ಸ್ಪೆಕ್ಟರು ನೆಲಮಾಳಿಗೆಗೆ ಇಳಿದಾಗ ಹನ್ನೊಂದೂ ಐದು. ಕಂಕುಳಲ್ಲಿ ಒಂದು ಹರಿದ ಕಾದಂಬರಿಯಿತ್ತು. ಅದನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡರು.

“ಇದನ್ನ ಆಮೇಲೆ ನೋಡೋಣ. ಮೊದಲು ಇದು.”

ಗೂಬೆ ಪ್ರತಿ ಶನಿವಾರವೂ ಡ್ರಮ್ಮಿನ ಪಕ್ಕ ಫೋನಿಟ್ಟು ಹಾಡು ಹಿಡಿದುಕೊಳ್ಳುತ್ತಿದ್ದ. ಆ ರೆಕಾರ್ಡಿಂಗನ್ನು ಇನ್‌ಸ್ಪೆಕ್ಟರು ಹಾಕಿದರು. ಭಾವನ ದನಿ, ಜನರ ದನಿ. ಮತ್ತೆ ಭಾವ, ಮತ್ತೆ ಜನ. ಆಮೇಲೆ ಬರೀ ಜನ. ಆಮೇಲೆ ಒಬ್ಬ ಹುಡುಗಿ. ಬೈಂಡರಮ್ಮ ಸೂಜಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡಿದ್ದರು. ಭಾವನ ದನಿ ನಿಂತಲ್ಲಿಂದ ಅವನ ಹೆಬ್ಬೆರಳು ಮೇಜಿನ ಕೆಳಗೆ ಇಲ್ಲದ ಪುಟಗಳನ್ನು ಸರಿಸುತ್ತಿತ್ತು. ತಪ್ಪಿರಲಿಲ್ಲ. ಹದಿನಾರಕ್ಕೆ ಒಂದೂ ಕಡಿಮೆಯಿರಲಿಲ್ಲ.

“ಮೂವತ್ತು ಜನರನ್ನ ಕೇಳಿದೆ” ಎಂದರು ಇನ್‌ಸ್ಪೆಕ್ಟರು. “ಬಿದ್ದದ್ದು ಯಾರೂ ನೋಡಿಲ್ಲ. ಮೊದಲ ಕೈ ನಿನ್ನದು ಅಂತ ಎಲ್ಲರೂ ಹೇಳ್ತಾರೆ. ನೀನು ಯಾವಾಗ ನೋಡಿದೆ?”

“ಕೈ ಎತ್ತಿದಾಗ ಸರ್.”

“ಅದಕ್ಕಿಂತ ಮುಂಚೆ?”

“ಜನ ತುಂಬಾ ಇದ್ರು.”

ಎರಡೂ ನಿಜವೇ. ಇನ್‌ಸ್ಪೆಕ್ಟರು ಬರೆದುಕೊಂಡರು.

“ಭಾವನಿಗೂ ನಿನಗೂ ಜಗಳ ಇತ್ತಂತೆ?”

“ಯಾವ ಭಾವ ಭಾಮೈದರಿಗೆ ಇಲ್ಲ ಸಾಹೇಬ್ರೇ?” ಎಂದು ಬೈಂಡರಮ್ಮ ನಡುವೆ ಬಾಯಿ ಹಾಕಿದರು. “ಈ ಹುಡುಗ ಇರುವೆ ಬಂದ್ರೆ ಅಂಟಿನ ಬಕೆಟ್ಟು ಪಕ್ಕಕ್ಕೆ ಸರಿಸೋನು. ಇವನ ಹತ್ರ ಜಗಳ ಮಾಡಬೇಕು ಅಂದ್ರೆ ಎರಡೂ ಕಡೆ ಮಾತು ನಾವೇ ಆಡಬೇಕು.”

ಇನ್‌ಸ್ಪೆಕ್ಟರು ನಕ್ಕು ನೋಟುಪುಸ್ತಕ ಮುಚ್ಚಿದರು. ಆಕಸ್ಮಿಕ ಎಂದು ಬರೆದು ಮುಗಿಸುವುದಾಗಿ ಹೇಳಿದರು. ಆಮೇಲೆ ಮೇಜಿನ ಮೇಲಿದ್ದ ಕಾದಂಬರಿಯನ್ನು ಮುಂದಕ್ಕೆ ತಳ್ಳಿದರು. “ಈಗ ನಿಜವಾದ ಕೇಸು. ಕೊನೇ ಹಾಳೆ ಯಾವನೋ ಕಿತ್ಕೊಂಡಿದ್ದಾನೆ. ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಯಾರಪ್ಪ ಕೊಂದಿದ್ದು? ನೀನು ಎಲ್ಲ ಓದಿರ್ತೀಯಂತೆ.”

ಅವನು ಪುಸ್ತಕವನ್ನು ತಿರುಗಿಸಿ ನೋಡಿದ. ಅದರ ಕೊನೆಯ ಹಾಳೆಯನ್ನು ಹಿಂದೊಮ್ಮೆ ಇನ್ನೊಂದು ಪ್ರತಿಗೆ ಅವನೇ ಟೈಪು ಮಾಡಿದ್ದ.

“ಡಾಕ್ಟರು ಸರ್.”

“ಡಾಕ್ಟರಾ? ಅವನು ಬರೋಷ್ಟರಲ್ಲಿ ಮುಗಿದುಹೋಗಿತ್ತಲ್ಲ!”

“ಅದೇ ಸರ್. ಬೇಗ ಬರಬಹುದಿತ್ತು. ಬರಲಿಲ್ಲ.”

“ತಡ ಮಾಡಿದ್ರೆ ಅದು ಕೊಲೆ ಹೇಗಾಗುತ್ತೆ?”

“ಪುಸ್ತಕದಲ್ಲಿ ಆಗುತ್ತೆ ಸರ್.”

ಇನ್‌ಸ್ಪೆಕ್ಟರು ಅವನ ಮುಖ ನೋಡಿದರು. “ಮೋಸ” ಎಂದು ಗೊಣಗುತ್ತ ಮೆಟ್ಟಿಲು ಹತ್ತಿದರು.

ಭಾವ ಸಾಯಲಿಲ್ಲ. ಎರಡು ತಿಂಗಳ ಮೇಲೆ ಮನೆಗೆ ಕಳಿಸಿದರು. ಮೈಯ ಎಡಭಾಗ ಸತ್ತಿತ್ತು, ಮಾತು ಹೋಗಿತ್ತು. ಉಳಿದದ್ದು ಬಲಗೈ ಒಂದು. ಬೇಕಾದಾಗ ಮಂಚದ ಕಬ್ಬಿಣದ ಸರಳನ್ನು ಗಣ್ಣಿನಿಂದ ಮೊಟಕುತ್ತಿದ್ದ. ನೀರಿಗೆ ಒಂದು, ಮಗ್ಗುಲು ಬದಲಿಸಲು ಎರಡು. ಅಕ್ಕನಿಗೆ ಬಲಗಿವಿ ಚೆನ್ನಾಗಿತ್ತು, ಎಲ್ಲಿದ್ದರೂ ಬರುತ್ತಿದ್ದಳು. ಹಾಸ್ಟೆಲಿನವರು ಒಂದು ತಿಂಗಳು ಕಾದು ಬೇರೆಯವರನ್ನು ತೆಗೆದುಕೊಂಡರು. “ಈ ಸ್ಥಿತೀಲಿ ಬಿಟ್ಟು ಹೋದ್ರೆ ನಾನು ಮನುಷ್ಯಳಾ?” ಎಂದಳು ಅಕ್ಕ. ಅವನು ಐಸ್ ಫ್ಯಾಕ್ಟರಿಗೆ ಹೋಗುವುದನ್ನು ಬಿಟ್ಟ. ರಾತ್ರಿ ಹೆಡ್‌ಫೋನು ಹಾಕಿಕೊಂಡರೆ ಪ್ರತಿ ಹಾಡಿನೊಳಗೂ ಸರಳಿನ ಸದ್ದು ಕೇಳುತ್ತಿತ್ತು, ತೆಗೆದರೆ ಹಲಗೆಯಾಚೆಯಿಂದ ಕೇಳುತ್ತಿತ್ತು.

ಮೂರನೇ ತಿಂಗಳಲ್ಲಿ ಒಂದು ಸಂಜೆ ಅಕ್ಕ ಅವನ ಕೋಣೆಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತಳು.

“ಅದು ನಿನ್ನ ಹತ್ರ ಇದೆಯಂತಲ್ಲ. ಅವತ್ತಿಂದು.”

“ಯಾವುದು?”

“ಗೊತ್ತಿಲ್ಲದ ಹಾಗೆ ಆಡಬೇಡ. ಇವರು ಕೊನೇ ಸಲ ಮಾತಾಡಿದ್ದು ಅದರಲ್ಲೇ ಅಲ್ವಾ? ಏನಂದ್ರು ಅಂತ ಕೇಳಬೇಕು. ಹಾಕು.”

ಗೂಬೆ ಕಳಿಸಿದ್ದ ರೆಕಾರ್ಡಿಂಗು ಅವನ ಫೋನಿನಲ್ಲಿತ್ತು. ಅವಳು ಫೋನನ್ನು ಬಲಗಿವಿಗೆ ಒತ್ತಿಕೊಂಡಳು. ಗಂಡನ ದನಿ ಬಂದಾಗ ಮೈ ಒಂದಿಷ್ಟು ಕುಗ್ಗಿತು. ಜನ ತಿರುಗಿ ಕೂಗಿದಾಗ ಕಣ್ಣರಳಿಸಿದಳು. ಎರಡನೇ ಸಲ ಕೂಗಿದಾಗ, ಅವನು ಎಣಿಸಿರದ ರೀತಿಯಲ್ಲಿ, ಜೋರಾಗಿ ನಕ್ಕುಬಿಟ್ಟಳು.

“ಅಯ್ಯಯ್ಯೋ! ಇಷ್ಟು ಜನ ನನ್ನ ಹುಡುಕಿದ್ರೇನೋ? ಹುಟ್ಟಿದಾಗಿಂದ ನನ್ನ ಒಬ್ಬರೂ ಹುಡುಕಿರಲಿಲ್ಲ ಕಣೋ!”

ಅವನಿಗೂ ನಗು ಬಂತು. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು, ಹಲಗೆಯಾಚೆ ಕೇಳದಂತೆ, ಚಿಕ್ಕವರಿದ್ದಾಗಿನ ಹಾಗೆ ನಕ್ಕರು. ನಗು ಇಳಿದ ಮೇಲೆ ಅಕ್ಕ ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಾಕಿದಳು. ಈ ಸಲ ನಗಲಿಲ್ಲ. ಮೂರನೇ ಸಲ ಹಾಕಿದಾಗ ಅವಳ ಹೆಬ್ಬೆರಳು ಉಳಿದ ಬೆರಳುಗಳ ಗೆರೆಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು.

“ಇವರ ದನಿ ಇಲ್ಲಿ ನಿಲ್ಲುತ್ತೆ” ಎಂದಳು. “ಬಿದ್ದದ್ದು ಇಲ್ಲೇ ಇರಬೇಕು.”

ಅವನು ಹಾಸಿಗೆಯ ಹೊದಿಕೆಯ ಸುಕ್ಕು ಸರಿಮಾಡಿದ.

“ಹಾಡು ಆಮೇಲೂ ಇದೆಯಲ್ಲೋ ಮರಿ. ಬಹಳ ಹೊತ್ತಿದೆ.”

ಅವಳು ಫೋನನ್ನು ಹಾಸಿಗೆಯ ಮೇಲಿಟ್ಟು ಕಾದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿದ್ದಳು, ಅಷ್ಟೇ. ಈಗ ಹೇಳಿದರೆ ಅವಳು ತನ್ನನ್ನು ಈ ಮನೆಯಿಂದ ಓಡಿಸಬಹುದು. ಅಥವಾ ಅವಳೇ ಚೀಲ ಎತ್ತಿಕೊಂಡು ಹೋಗಬಹುದು, ತಮ್ಮ ಉಳಿಸಿಕೊಟ್ಟ ಜೀವವೆಂಬ ಋಣ ತನ್ನ ಮೇಲಿಲ್ಲವೆಂದು ಗೊತ್ತಾಗಿ. ಯಾವುದೆಂದು ಅವನಿಗೆ ತಿಳಿಯಲಿಲ್ಲ. ಗಂಟಲಲ್ಲಿ ಮಾತು ಬಂದು ನಿಂತಿತ್ತು, ಆ ರಾತ್ರಿ ಕೈ ಭುಜದವರೆಗೆ ಬಂದು ನಿಂತ ಹಾಗೆ.

ಆಚೆಯಿಂದ ಸರಳಿನ ಮೇಲೆ ಗಣ್ಣು ಮೊಟಕಿತು. ಒಂದು. ಸ್ವಲ್ಪ ಬಿಟ್ಟು, ಎರಡು.

“ಬಂದೆ” ಎಂದು ಅಕ್ಕ ಎದ್ದಳು.

ಅವನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ. ಅಕ್ಕ ಭಾವನ ಬೆನ್ನಿಗೆ ಕೈ ಕೊಟ್ಟು ಮಗ್ಗುಲು ಬದಲಿಸಿದಳು, ದಿಂಬು ಸರಿಮಾಡಿದಳು, ಸ್ಟೂಲು ಎಳೆದು ಕೂತಳು. ಯಾವಾಗಲೂ ಬಲಗಿವಿ ಬಾಗಿಲ ಕಡೆಗಿರುವಂತೆ ಕೂರುತ್ತಿದ್ದವಳು ಅವತ್ತು ಸ್ಟೂಲನ್ನು ಮಂಚದ ಆ ಬದಿಗೆ ಹಾಕಿಕೊಂಡು, ಕೇಳದ ಎಡಗಿವಿಯನ್ನು ಅವನ ಕಡೆಗೆ ಮಾಡಿ ಕೂತಳು. ಭಾವ ದಿಂಬಿನ ಮೇಲಿಂದ ಅವನನ್ನೇ ನೋಡುತ್ತಿದ್ದ.

ಬಿದ್ದದ್ದನ್ನು ಕಂಡ ಮೇಲೆ ಹದಿನಾರರವರೆಗೆ ಎಣಿ​ಸಿ ಆಮೇಲೆ ಕೈ ಎತ್ತಿದೆನೆಂದು ಅವನು ಅಕ್ಕನಿಗೆ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.